ಗಾಲಿಯ ಮೇಲೊಂದು ಮನೆ

ತುಮಕೂರು ರಸ್ತೆಯ ‘ಎಂಟನೆಯ ಮೈಲಿ’ ಎಂಬ ಮಾತು ಟಿ. ದಾಸರಹಳ್ಳಿಯ ಹಿರಿಯರ ನಾಲಗೆಯ ಮೇಲೆ ಇನ್ನೂ ಉಳಿದಿದೆ. ಮೈಲಿಗಲ್ಲು ಹೋಗಿ ಕಿಲೋಮೀಟರಿನ ಕಲ್ಲು ಬಂದಿತು. ಹೆದ್ದಾರಿಯ ಸಂಖ್ಯೆ 4 ಹೋಗಿ 48 ಆಯಿತು. 2010ರಲ್ಲಿ ಮೇಲುಸೇತುವೆಯ ರಸ್ತೆ ತೆರೆಯಿತು, 2015ರಲ್ಲಿ ಮೆಟ್ರೋ ರೈಲು ನಾಗಸಂದ್ರದವರೆಗೆ ಓಡಿತು. ಹಾದಿಯ ಮೇಲೆ ಹಾದಿ ಏರಿ ಕುಳಿತರೂ ಎಂಟನೆಯ ಮೈಲಿ ಎಂಟನೆಯ ಮೈಲಿಯಾಗಿಯೇ ಇದೆ.

ಈ ಹಾದಿಯಲ್ಲಿ ಶಿವರಾತ್ರಿಯ ಸಮಯಕ್ಕೆ ಸಿದ್ಧಗಂಗೆಯ ಜಾತ್ರೆಗೆ ಹೊರಟ ಕಮಾನುಗಾಡಿಗಳನ್ನು ಕಂಡವರು ನಮ್ಮ ವಾಚಕರಲ್ಲಿ ಕೆಲವರಾದರೂ ಇದ್ದಾರು. ಬಿದಿರನ್ನು ಬಾಗಿಸಿ ಚಾಪೆ ಹೊದಿಸಿದ ಗಾಡಿ, ಒಳಗೆ ಹುಲ್ಲು ಹರವಿ ಮೇಲೊಂದು ಜಮಖಾನೆ, ಅಚ್ಚಿನ ಕೆಳಗೆ ತೂಗುವ ಲಾಟೀನು, ಕೀಲೆಣ್ಣೆಯ ಕುಡಿಕೆ, ಹುರಿಹಿಟ್ಟಿನ ಡಬ್ಬಿ, ರೊಟ್ಟಿಯ ಗಂಟು, ನೀರಿನ ಬಿಂದಿಗೆ. ಎತ್ತುಗಳ ನಡಿಗೆ ಎಷ್ಟೋ ಪಯಣವೂ ಅಷ್ಟೇ. ನೆಲಮಂಗಲದಲ್ಲಿ ಒಂದಿರುಳು, ಡಾಬಸ್‌ಪೇಟೆಯ ಕಡೆ ಇನ್ನೊಂದಿರುಳು. ಗಾಡಿ ನಿಂತ ಮರದಡಿಯೇ ಆ ರಾತ್ರಿಯ ಮನೆ. ಮೂರು ಕಲ್ಲುಗಳನ್ನಿಟ್ಟು ಬೆಂಕಿ ಮಾಡುವಲ್ಲಿಗೆ ಗೃಹಿಣಿಯ ಜಾತ್ರೆ ಆರಂಭವಾಗುತ್ತಿತ್ತು. ಈ ಕೊನೆಯ ಮಾತನ್ನು ಸುಮ್ಮನೆ ಹೇಳಿದ್ದಲ್ಲ, ಮುಂದೆ ಅದರ ವಿಚಾರವೇ ಬರುತ್ತದೆ.

ಪಶ್ಚಿಮ ದೇಶಗಳಲ್ಲಿ ಇಂಥ ನಡೆಯುವ ಮನೆಗೆ ‘ಮೋಟಾರ್‌ಹೋಮ್’ ಎನ್ನುತ್ತಾರೆ. ಒಂದೇ ವಾಹನದಲ್ಲಿ ಚಾಲಕನ ಆಸನ, ಅದರ ಹಿಂದೆ ಮೇಜು, ಅನಿಲದ ಒಲೆ, ಪುಟ್ಟ ಶೀತಪೆಟ್ಟಿಗೆ, ಮಲಗುವ ಮಂಚ, ಬಚ್ಚಲು, ಶೌಚಾಲಯ. ವಿನೋದಕ್ಕಾಗಿ ಇಂಥ ಮನೆಯನ್ನು ಕಟ್ಟಿಸಿದವರಲ್ಲಿ ಮೊದಲಿಗರೆಂದು ಗಾರ್ಡನ್ ಸ್ಟೇಬಲ್ಸ್ ಎಂಬ ವೈದ್ಯರನ್ನು ಹೆಸರಿಸುವುದುಂಟು. ನೌಕಾಪಡೆಯಿಂದ ನಿವೃತ್ತರಾದ ಆತ 1885ರಲ್ಲಿ ಎರಡು ಕುದುರೆಗಳ ಗಾಡಿಯೊಂದನ್ನು ಮಾಡಿಸಿ, ‘ವಾಂಡರರ್’ ಎಂದು ಹೆಸರಿಟ್ಟು ಇಂಗ್ಲೆಂಡಿನಿಂದ ಸ್ಕಾಟ್ಲೆಂಡಿನವರೆಗೆ ಸಂಚರಿಸಿದರು. ಸಂಗಡ ಗಾಡಿ ಹೊಡೆಯುವವನೊಬ್ಬ, ಸೇವಕನೊಬ್ಬ ಇದ್ದರು. ಸೇವಕನು ಮೂರುಗಾಲಿಯ ಸೈಕಲ್ಲಿನಲ್ಲಿ ಮುಂದೆ ಸಾಗಿ ದಾರಿ ನೋಡುತ್ತಿದ್ದನಂತೆ. ಒಡೆಯರ ವಿಹಾರಕ್ಕೆ ಆಳುಗಳು ಬೇಕೆಂಬುದು ಆ ಕಾಲದ ನಂಬಿಕೆ. ಆಳಿಲ್ಲದೆಯೂ ಇಂಥ ವಿಹಾರ ಸಾಧ್ಯವೆಂಬುದು ಅಲ್ಲಿ ಆಮೇಲಿನ ಅನುಭವ.

ನಮ್ಮ ಬಡಾವಣೆಯ ದಂಪತಿಗಳೊಬ್ಬರು ಇತ್ತೀಚೆಗೆ ಶರತ್ಕಾಲದಲ್ಲಿ ಮೂರು ವಾರ ಇಂಥ ಮನೆಯಲ್ಲಿ ಫ್ರಾನ್ಸ್ ಮತ್ತು ಸ್ಪೇನ್ ದೇಶಗಳನ್ನು ಸುತ್ತಿ ಬಂದಿದ್ದಾರೆ. ಯಜಮಾನರು ಪೀಣ್ಯದ ಯಂತ್ರಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು. ಅಮ್ಮನವರು ಪ್ರೌಢಶಾಲೆಯಲ್ಲಿ ಸಮಾಜಪಾಠ ಹೇಳುತ್ತಿದ್ದವರು. ಮಗಳು ಮತ್ತು ಅಳಿಯ ವಿಮಾನೋದ್ಯಮದ ನಗರವಾದ ತುಲೂಸಿನಲ್ಲಿದ್ದಾರೆ. ಬೆಂಗಳೂರಿಗೂ ಆ ನಗರಕ್ಕೂ ವಿಮಾನದ ಕೆಲಸದ ಮೂಲಕ ನಂಟು ಬೆಳೆದಿರುವುದು ವಾಚಕರಿಗೆ ತಿಳಿದದ್ದೇ. ಮಕ್ಕಳ ಮನೆಯಲ್ಲಿ ಕುಳಿತು ಬೇಸತ್ತ ತಂದೆತಾಯಿಗಳಿಗೆ ಅಳಿಯ ಈ ವಾಹನವನ್ನು ಬಾಡಿಗೆಗೆ ಕೊಡಿಸಿದರು. ಇಲ್ಲಿಂದ ಹೊರಡುವ ಮುನ್ನವೇ ಯಜಮಾನರು ಸಾರಿಗೆ ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಂಡಿದ್ದರು. ಅದರ ಅವಧಿ ಒಂದು ವರ್ಷ, ಮೂಲ ಪರವಾನಗಿಯೂ ಜೊತೆಗಿರಬೇಕು. ಷೆಂಗೆನ್ ವೀಸಾದ ನಿಯಮದಂತೆ ಯಾವುದೇ 180 ದಿನಗಳಲ್ಲಿ 90 ದಿನ ಮೀರಿ ಅಲ್ಲಿ ಇರುವಂತಿಲ್ಲ. ಎರಡು ದೇಶಗಳ ಗಡಿಯಲ್ಲಿ ಇವರನ್ನು ಯಾರೂ ನಿಲ್ಲಿಸಲಿಲ್ಲ. ಅತ್ತಿಬೆಲೆಯನ್ನು ದಾಟಿದಷ್ಟೇ ಸಲೀಸು ಎಂದರು.

ಅಲ್ಲಿ ವಾಹನವು ರಸ್ತೆಯ ಬಲಬದಿಯಲ್ಲಿ ಸಾಗಬೇಕು. ಮೊದಲ ದಿನ ಪ್ರತಿಯೊಂದು ವೃತ್ತದಲ್ಲಿಯೂ ಅಮ್ಮನವರು “ಬಲಕ್ಕೇರೀ, ಬಲಕ್ಕೆ” ಎಂದು ಎಚ್ಚರಿಸುತ್ತಿದ್ದರಂತೆ. ಸಾಮಾನ್ಯ ಕಾರಿನ ಪರವಾನಗಿಯುಳ್ಳವರು ನಡೆಸುವ ಇಂಥ ಮನೆಯ ತೂಕ ಜನ, ನೀರು, ಸಾಮಾನು ಎಲ್ಲ ಸೇರಿ 3,500 ಕಿಲೋ ಮೀರಬಾರದು. ಇರುಳು ತಂಗುವುದಕ್ಕೂ ಕಟ್ಟಳೆಗಳುಂಟು. ಫ್ರಾನ್ಸಿನ ಅನೇಕ ಊರುಗಳಲ್ಲಿ ‘ಏರ್’ ಎಂಬ ತಂಗುದಾಣವಿದ್ದು, ಶುದ್ಧನೀರು ತುಂಬಿಸಿಕೊಳ್ಳಲೂ ಬಳಸಿದ ನೀರನ್ನು ಬಿಡಲೂ ಅನುಕೂಲವಿರುತ್ತದೆ. ಸ್ಪೇನಿನಲ್ಲಿ ನಿಲ್ಲಿಸಿದ ವಾಹನದೊಳಗೆ ಮಲಗಬಹುದು. ಹೊರಗೆ ಮೇಜು ಕುರ್ಚಿ ಹಾಕಿದರೆ, ಚಪ್ಪರ ಎಳೆದರೆ ಅದು ಬಿಡಾರ ಹೂಡಿದಂತೆ, ಅದಕ್ಕೆ ಬೇರೆ ನಿಯಮ. ನಿಲ್ಲುವುದಕ್ಕೂ ನೆಲೆಸುವುದಕ್ಕೂ ನಡುವೆ ಕುರ್ಚಿಯೊಂದರಿಂದ ಗೆರೆ ಎಳೆದ ಈ ಕಾನೂನು ನನಗೆ ಬಹಳ ಹಿಡಿಸಿತು.

ಇನ್ನೊಂದು ಏರ್ಪಾಡನ್ನು ಹೇಳದೆ ಮುಂದೆ ಹೋಗಲಾರೆ. ‘ಫ್ರಾನ್ಸ್ ಪ್ಯಾಸಿಯೋಂ’ ಎಂಬುದು 1993ರಲ್ಲಿ ಆರಂಭವಾದ ಸಂಘಟನೆ. ಇದಕ್ಕೆ ಸೇರಿದ ದ್ರಾಕ್ಷಿ ಬೆಳೆಗಾರರು, ರೈತರು ಇಂಥ ವಾಹನಗಳಿಗೆ ತಮ್ಮ ಹೊಲದ ಅಂಚಿನಲ್ಲಿ ಒಂದಿರುಳು ಬಾಡಿಗೆಯಿಲ್ಲದೆ ಜಾಗ ಕೊಡುತ್ತಾರೆ. ಕೊಳ್ಳಲೇಬೇಕೆಂಬ ಕಟ್ಟಿಲ್ಲ, ಬಂದಾಗ ನಮಸ್ಕಾರ, ಹೊರಡುವಾಗ ವಂದನೆ, ಇಷ್ಟೇ ನಿರೀಕ್ಷೆ. ಇದನ್ನು ದಾಸೋಹವೆಂದು ಕರೆದುಬಿಡುವ ಆತುರ ನನಗಿಲ್ಲ, ವ್ಯಾಪಾರದ ಆಸೆಯೂ ಅದರಲ್ಲಿ ಇದೆ. ಆದರೆ ಅಪರಿಚಿತನ ಗಾಡಿಗೆ ಕಣದ ಮೂಲೆಯಲ್ಲಿ ಜಾಗ ಬಿಡುತ್ತಿದ್ದ ನಮ್ಮ ಹಳ್ಳಿಯ ಹಿರಿಯರು ಇದನ್ನು ಕಂಡಿದ್ದರೆ ಪರದೇಶದ ಪದ್ಧತಿ ಎಂದು ಭಾವಿಸುತ್ತಿರಲಿಲ್ಲ.

ಪಿರೆನೀಸ್ ಪರ್ವತಗಳ ಬುಡದಲ್ಲಿರುವ ಸೇಂಟ್ ಜಾನ್ ಎಂಬ ಸಣ್ಣ ಊರಿನಿಂದ ಸ್ಪೇನಿನ ಸಾಂತಿಯಾಗೋ ಕ್ಷೇತ್ರಕ್ಕೆ ಸುಮಾರು 780 ಕಿಲೋಮೀಟರ್ ಕಾಲ್ದಾರಿಯಿದೆ. ಬೆನ್ನಿಗೆ ಚೀಲ, ಚೀಲಕ್ಕೆ ಚಿಪ್ಪು ಕಟ್ಟಿಕೊಂಡು ನಡೆಯುವ ಯಾತ್ರಿಕರು ಇವರ ವಾಹನದ ಪಕ್ಕದಲ್ಲಿಯೇ ಸಾಗುತ್ತಿದ್ದರು. ಯುಗಾದಿಯ ಮುನ್ನ ವಿಜಯಪುರ, ಬಾಗಲಕೋಟೆಗಳಿಂದ ಹೊರಟು, ವೆಂಕಟಾಪುರ, ನಾಗಲೂಟಿ, ಪೆಚ್ಚೆರುವು, ಭೀಮನಕೊಳ್ಳಗಳ ಕಾಡುಹಾದಿಯಲ್ಲಿ ಶ್ರೀಶೈಲಕ್ಕೆ ನಡೆಯುವ ನಮ್ಮ ಭಕ್ತರು ಅಮ್ಮನವರ ನೆನಪಿಗೆ ಬಂದರು. ತಾನು ಮಾತ್ರ ಗಾಡಿಯಲ್ಲಿ ಕುಳಿತಿರುವೆನಲ್ಲ ಎಂದು ಅವರಿಗೆ ಸ್ವಲ್ಪ ಸಂಕೋಚವೂ ಆಯಿತಂತೆ. ಪಾಂಪ್ಲೋನಾ ದಾಟಿ ಲೊಗ್ರೋನ್ಯೋ ಸೇರುವ ವೇಳೆಗೆ ಅಲ್ಲಿ ಸಂತ ಮಟೆಯೋವಿನ ಹಬ್ಬ. ಸೆಪ್ಟೆಂಬರ್ 21ರ ಸುಮಾರಿಗೆ ಹೊಸ ದ್ರಾಕ್ಷಿಯನ್ನು ಕಾಲಿನಿಂದ ತುಳಿದು ಮೊದಲ ರಸವನ್ನು ತಮ್ಮ ದೇವಮಾತೆಗೆ ಅರ್ಪಿಸುತ್ತಾರೆ. ಸುಗ್ಗಿ ಎಲ್ಲಿದ್ದರೂ ಸುಗ್ಗಿಯೇ.

ಇನ್ನು ಒಲೆಯ ವಿಚಾರ.

ಮೊದಲ ಮೂರು ದಿನ ಅಮ್ಮನವರು ಮನೆಯಲ್ಲಿ ಮಾಡುತ್ತಿದ್ದುದನ್ನೇ ಅಲ್ಲಿಯೂ ಮಾಡಿದರು. ಬೆಳಗ್ಗೆ ತಿಂಡಿ, ಮಧ್ಯಾಹ್ನಕ್ಕೆ ಅನ್ನ ಸಾರು, ರಾತ್ರಿಗೆ ಮತ್ತೊಂದು. ಯಜಮಾನರು ಗಾಡಿ ನಿಲ್ಲಿಸಿ, ಇಳಿದು, ಊರು ನೋಡಿ ಬರುವರು. ಅಮ್ಮನವರು ಪಾತ್ರೆ ತೊಳೆದು ಒರೆಸಿ ಇಡುವಷ್ಟರಲ್ಲಿ ಹೊರಡುವ ಹೊತ್ತು. ನಾಲ್ಕನೆಯ ದಿನ ಅವರು ಹೇಳಿದ ಮಾತನ್ನು ಯಜಮಾನರೇ ನನಗೆ ಒಪ್ಪಿಸಿದರು: “ನೀವು ದೇಶ ನೋಡ್ತಿದೀರಿ. ನಾನು ದಾಸರಹಳ್ಳಿಯ ಅಡುಗೆಮನೇನೇ ನೋಡ್ತಿದೀನಿ, ಕಿಟಕಿ ಮಾತ್ರ ಬದಲಾಗಿದೆ.” ಅಂದು ಸಂಜೆ ಅವರು ಒಲೆ ಹಚ್ಚಲಿಲ್ಲ. ಯಜಮಾನರು ಉಪ್ಪಿಟ್ಟಿಗೆ ಕೈಹಾಕಿದರು. ರವೆ ಹುರಿಯಬೇಕೆಂಬುದೇ ಅವರಿಗೆ ಗೊತ್ತಿರಲಿಲ್ಲ. ಮಣೆಯ ಮೇಲೆ ಕುಳಿತಂತೆ ಮಂಚದ ಮೇಲೆ ಕುಳಿತು ಅಮ್ಮನವರು ಒಂದೊಂದಾಗಿ ಹೇಳಿಕೊಟ್ಟರು. ಒಂದು ವಾರದಲ್ಲಿ ದಿನಕ್ಕೊಬ್ಬರ ಸರದಿ ಎಂದು ಗೊತ್ತಾಯಿತು. ಮಧ್ಯಾಹ್ನಕ್ಕೆ ರೊಟ್ಟಿ, ಬೆಣ್ಣೆ, ಹಣ್ಣು ಸಾಕೆಂಬುದೂ ಗೊತ್ತಾಯಿತು.

ತೂಕದ ಮಿತಿಯ ದೆಸೆಯಿಂದ ಇನ್ನೊಂದು ಸಂಗತಿ ನಡೆಯಿತು. ಮಗಳು ಕಟ್ಟಿಕೊಟ್ಟ ಅಕ್ಕಿ, ಬೇಳೆ, ಡಬ್ಬಿಗಳಲ್ಲಿ ಅರ್ಧವನ್ನು ತುಲೂಸಿನಲ್ಲಿಯೇ ಇಳಿಸಬೇಕಾಯಿತು, ಇಳಿಸಿದ್ದರಿಂದ ಏನೂ ಕೊರತೆಯಾಗಲಿಲ್ಲ. ಗಂಡನು ಎಂದಿಗಿಂತ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ತಂದಲ್ಲಿಗೇ ಸುರಿದು ಬಾ ಎಂದ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಅಮ್ಮನವರು ತರಗತಿಯಲ್ಲಿ ಅನೇಕ ಸಲ ಹೇಳಿದ್ದರಂತೆ. ತಮ್ಮ ಅಡುಗೆಮನೆಯ ಮಾಡದಲ್ಲಿ ಅದನ್ನು ನಡೆಸಿ ನೋಡಿದ್ದು ಆಗಲೇ.

ಶೌಚದ ಮಾತನ್ನು ಪತ್ರಿಕೆಯಲ್ಲಿ ಬರೆಯುವುದು ಸಲ್ಲದೆಂದು ಭಾವಿಸುವ ವಾಚಕರು ಕ್ಷಮಿಸಬೇಕು, ಇದನ್ನು ಬಿಟ್ಟರೆ ನಾನು ಹೇಳಹೊರಟದ್ದೇ ಉಳಿದುಹೋಗುತ್ತದೆ. ಗಾಲಿಮನೆಯ ಶೌಚಾಲಯದ ಕೆಳಗೆ ಸುಮಾರು ಇಪ್ಪತ್ತು ಲೀಟರಿನ ಪೆಟ್ಟಿಗೆಯೊಂದಿರುತ್ತದೆ. ಎರಡು ಮೂರು ದಿನಗಳಿಗೊಮ್ಮೆ ಅದನ್ನು ಹೊರಗೆಳೆದು, ತಂಗುದಾಣದ ಗೊತ್ತಾದ ಗುಂಡಿಯಲ್ಲಿ ಬರಿದು ಮಾಡಿ ತೊಳೆದು ಹಾಕಬೇಕು. ಅಲ್ಲಿ ಈ ಕೆಲಸಕ್ಕೆಂದು ಯಾರೂ ಬರುವುದಿಲ್ಲ. ನಿವೃತ್ತ ನ್ಯಾಯಾಧೀಶನಿರಲಿ, ಸಿರಿವಂತ ವರ್ತಕನಿರಲಿ, ಬೆಳಗ್ಗೆ ತನ್ನ ಪೆಟ್ಟಿಗೆಯನ್ನು ತಾನೇ ಹಿಡಿದು ಸಾಲಿನಲ್ಲಿ ನಿಲ್ಲುತ್ತಾನೆ, ಪಕ್ಕದವನೊಡನೆ ಹವೆಯ ಮಾತಾಡುತ್ತಾನೆ. ನಮ್ಮ ಯಜಮಾನರು ಮೊದಲ ಸಲ ಕತ್ತಲಾದ ಮೇಲೆ, ಯಾರೂ ಕಾಣದಂತೆ ಹೋಗಿ ಬಂದರು. ಎರಡನೆಯ ಸಲ ಹಗಲಿನಲ್ಲಿಯೇ ಹೋದರು.

ಮಲ ಹೊರುವ ಪದ್ಧತಿಯನ್ನು ನಮ್ಮ ರಾಜ್ಯದಲ್ಲಿ ನಿಲ್ಲಿಸಲು 1970ರ ದಶಕದ ಆರಂಭದಲ್ಲಿಯೇ ಆಜ್ಞೆ ಮಾಡಿದವರು ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು. ಆ ಬಳಿಕ 1993ರಲ್ಲಿ ಒಂದು, 2013ರಲ್ಲಿ ಇನ್ನೊಂದು ಕೇಂದ್ರ ಕಾಯಿದೆಯೂ ಬಂದವು. ಇಷ್ಟಾದರೂ ಗುಂಡಿಗಿಳಿದು ಉಸಿರುಗಟ್ಟಿ ಸತ್ತವರ ಸುದ್ದಿ ನಿಂತಿಲ್ಲ. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ವೇದಿಕೆಗಳಿಂದ ಹೇಳುವುದು ನಮಗೆ ಸುಲಭವಾಗಿದೆ. ನಾನೂ ಬಹಳ ವೇದಿಕೆಗಳಿಂದ ಹೇಳಿದವನು. ಅರವತ್ತು ದಾಟಿದ ಗೃಹಸ್ಥನೊಬ್ಬ ತನ್ನ ಮತ್ತು ತನ್ನ ಹೆಂಡತಿಯ ಮಲದ ಪೆಟ್ಟಿಗೆಯನ್ನು ತೊಳೆದದ್ದನ್ನು ಮಾತ್ರ ನಮ್ಮ ಸಮಾಜದಲ್ಲಿ ನಾನು ಕೇಳಿದ್ದು ಇದೇ ಮೊದಲು.

ನಮ್ಮಲ್ಲಿಯೂ ಶರತ್ಕಾಲದಲ್ಲಿ ಗಾಲಿಯ ಮೇಲೆ ಮನೆ ಹೂಡಿಕೊಂಡು ಹೊರಡುವ ದಂಪತಿಗಳಿದ್ದಾರೆ. ದಸರೆ, ದೀಪಾವಳಿಗಳ ವೇಳೆಗೆ ಮಹಾರಾಷ್ಟ್ರದ ಬೀಡ್ ಜಿಲ್ಲೆಯಿಂದ ಕೊಲ್ಹಾಪುರ, ಸಾಂಗ್ಲಿಗಳಿಗೂ ನಮ್ಮ ಬೆಳಗಾವಿಯ ಕಡೆಗೂ ಕಬ್ಬು ಕಡಿಯಲು ಬರುವವರನ್ನು ಚಿಕ್ಕೋಡಿ, ನಿಪ್ಪಾಣಿಗಳ ವಾಚಕರು ವರ್ಷವರ್ಷವೂ ಕಾಣುತ್ತಾರೆ. ಎತ್ತಿನ ಬಂಡಿಯಲ್ಲಿ ಇಲ್ಲವೆ ಟ್ರ್ಯಾಕ್ಟರಿನಲ್ಲಿ ಪಾತ್ರೆ, ಕೌದಿ, ಕೋಳಿ, ಮಗು. ಗಂಡಹೆಂಡಿರಿಬ್ಬರನ್ನೂ ಸೇರಿಸಿ ಒಂದು ‘ಕೊಯ್ತಾ’ ಎಂದು ಲೆಕ್ಕ. ಆ ಶಬ್ದಕ್ಕೆ ಕುಡುಗೋಲು ಎಂದು ಅರ್ಥ. ಮುಂಗಡ ಪಡೆದ ಸಾಲ ತೀರುವವರೆಗೆ, ಹೆಚ್ಚುಕಡಿಮೆ ಬೇಸಿಗೆಯವರೆಗೆ, ದುಡಿಮೆ. ಕಡಿಯುವಲ್ಲಿ, ಹೊರೆ ಕಟ್ಟುವಲ್ಲಿ, ಹೇರುವಲ್ಲಿ ಹೆಂಡತಿ ಗಂಡನಿಗೆ ಸರಿಸಮಾನಳು. ಬೆಳಕು ಹರಿಯುವ ಮುನ್ನ ರೊಟ್ಟಿ ಬಡಿಯುವಲ್ಲಿ ಮಾತ್ರ ಒಬ್ಬಳೇ. ಅವಳಿಗೆ ಬಚ್ಚಲಿಲ್ಲ, ಮರೆಯಿಲ್ಲ.

ನಮ್ಮ ದಾಸರಹಳ್ಳಿಯ ಹಾದಿಯಲ್ಲಿಯೂ ಗಾಲಿಮನೆಗಳು ಹಗಲಿರುಳು ನಿಂತಿರುತ್ತವೆ, ನಾವು ಅವನ್ನು ಲಾರಿ ಎನ್ನುತ್ತೇವೆ. ಚಕ್ರದ ನೆರಳಿನಲ್ಲಿ ಸ್ಟೌ ಹಚ್ಚಿ ಅನ್ನ ಬೇಯಿಸುವ ಕ್ಲೀನರ್ ಹುಡುಗ, ಮುಂಗಟ್ಟಿನ ಹಲಗೆಯ ಮೇಲೆ ಮಲಗಿದ ಡ್ರೈವರು. 2025ರ ಅಕ್ಟೋಬರ್ 1ರಿಂದ ತಯಾರಾಗುವ ದೊಡ್ಡ ಸರಕುಲಾರಿಗಳ ಚಾಲಕಕೋಣೆಗೆ ಹವಾನಿಯಂತ್ರಣ ಇರಲೇಬೇಕೆಂದು ಕೇಂದ್ರ ಸರ್ಕಾರ ನಿಯಮ ಮಾಡಿದೆ. ಒಳ್ಳೆಯ ನಿಯಮ. ಸ್ನಾನಕ್ಕೆ, ಶೌಚಕ್ಕೆ ಅವರು ಎಲ್ಲಿಗೆ ಹೋಗಬೇಕೆಂಬುದು ಅದರಲ್ಲಿ ಬಂದಿಲ್ಲ. ಈ ಹೆದ್ದಾರಿಯಲ್ಲಿ ಬಸ್ಸಿನಲ್ಲಿ ಹೋಗುವ ನಮ್ಮ ಹೆಣ್ಣುಮಕ್ಕಳು ಹೊರಡುವ ಮುನ್ನ ನೀರನ್ನೇ ಕುಡಿಯದಿರುವುದು ಯಾವ ಮನೆಯಲ್ಲಿ ಗೊತ್ತಿಲ್ಲ? ದಾರಿಬದಿಯ ಶೌಚಾಲಯಗಳಿಗೆ ಬೀಗ ಜಡಿದು, ಬೀಗದ ಕೈಯನ್ನು ಯಾರೋ ಮನೆಗೆ ಒಯ್ದಿರುವುದನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ಕಂಡಿದ್ದೇನೆ. ಮೂರು ವಾರಗಳಲ್ಲಿ ಒಮ್ಮೆಯೂ ನೀರು ಕುಡಿಯಲು ಹಿಂಜರಿಯಲಿಲ್ಲವೆಂಬುದೇ ಆ ದೇಶಗಳ ವಿಷಯದಲ್ಲಿ ಅಮ್ಮನವರು ಮೊದಲು ಹೇಳಿದ ಹೊಗಳಿಕೆ. ಚರ್ಚುಗಳ, ಕೋಟೆಗಳ ಮಾತು ಆಮೇಲೆ ಬಂದಿತು.

ಕೇರಳ ಸರ್ಕಾರವು 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆಂದೇ ಪ್ರತ್ಯೇಕ ನೀತಿಯನ್ನು ಪ್ರಕಟಿಸಿತು. ಬೆಂಗಳೂರಿನಲ್ಲಿಯೂ ಇಂಥ ವಾಹನಗಳು ಬಾಡಿಗೆಗೆ ದೊರೆಯುತ್ತವೆ. ದಂಪತಿಗಳಿಗೆ ಈಗ ಬಾದಾಮಿ, ಐಹೊಳೆ, ಕೂಡಲಸಂಗಮಗಳನ್ನು ಹೀಗೆಯೇ ನೋಡಬೇಕೆಂಬ ಬಯಕೆ. ಕಾರ್ತಿಕ ಮಾಸದಲ್ಲಿ ಹೊರಡುವುದೆಂದು ವಿಚಾರಿಸಲು ಹೋದರು. ವಾಹನ ಚೆನ್ನಾಗಿತ್ತು. ಚಾಲಕನೂ ಸಹಾಯಕನೂ ಸಂಗಡ ಬರುತ್ತಾರೆ, ತಾವು ಒಲೆ ಹಚ್ಚುವ ಅಗತ್ಯವೂ ಇಲ್ಲ ಎಂದರು. ಬಳಸಿದ ನೀರನ್ನು, ಶೌಚದ ಪೆಟ್ಟಿಗೆಯನ್ನು ದಾರಿಯಲ್ಲಿ ಎಲ್ಲಿ ಬರಿದು ಮಾಡುವುದು ಎಂದು ಯಜಮಾನರು ಕೇಳಿದರು.

“ಅದರ ಚಿಂತೆ ನಿಮಗೇಕೆ ಸ್ವಾಮಿ, ಹುಡುಗ ನೋಡ್ಕೋತಾನೆ” ಎಂದು ಉತ್ತರ ಬಂದಿತು.

ಆ ಹುಡುಗ ರಾತ್ರಿ ಎಲ್ಲಿ ಮಲಗುತ್ತಾನೆ ಎಂದು ಅಮ್ಮನವರು ಕೇಳಿದರು. ಅವರು ಬಾಡಿಗೆಯ ದರಪಟ್ಟಿಯನ್ನು ಮುಂದಿಟ್ಟರು. ದಂಪತಿಗಳು ಇನ್ನೂ ಮುಂಗಡ ಕೊಟ್ಟಿಲ್ಲ.