ಕುಡಿಯದ ಹುಡುಗರ ಲಿವರಿಗೂ ಕೊಬ್ಬು ಏರಾಕತ್ತೈತಿ

ಇವತ್ತಿನ ಮಾತು ಬೆಳಿದಲ್ಲ, ನಮ್ಮ ಮನಿಯಾಗಿನ 20-35 ವಯಸ್ಸಿನ ಮಕ್ಕಳದ್ದು.

ಲಿವರ್ ಜಡ್ಡು ಅಂದ್ರ ಕುಡುಕರ ಜಡ್ಡು ಅನ್ನೋ ತಿಳುವಳಿಕೆ ನಮ್ಮ ಭಾಗದಾಗ ಇನ್ನೂ ಹೋಗಿಲ್ಲ. ಹೊಟ್ಟಿನೋವಿಗೆ ಸ್ಕ್ಯಾನಿಂಗ್ ಮಾಡಿಸಿದ ಹುಡುಗನ ರಿಪೋರ್ಟಿನ್ಯಾಗ 'ಫ್ಯಾಟಿ ಲಿವರ್' ಅಂತ ಬಂದ್ರ ಮನಿಯವರು ಮೊದಲು ಅವನ ಬಾಯಿ ಮೂಸಿ ನೋಡ್ತಾರ. ಕನ್ಯಾ ನೋಡೋ ವಯಸ್ಸಿದ್ರಂತೂ ಆ ರಿಪೋರ್ಟ್ ಟ್ರಂಕಿನ ತಳ ಸೇರತೈತಿ. ಬೀಗರ ಕಿವಿಗೆ ಬಿದ್ರ ಕುಡೀತಾನ ಅಂದಾರು ಅನ್ನೋ ಅಂಜಿಕೆ. ಹಿಂಗ ಮುಚ್ಚಿಡೂದು ತಪ್ಪು ಅಂತ ನನ್ನ ಖಡಾಖಂಡಿತ ಅಭಿಪ್ರಾಯ, ಯಾಕಂದ್ರ ಈ ಜಡ್ಡು ವಾಪಸ್ ತಿರುಗಿಸೋ ಟೈಮ್ ಇರೂದೇ ಆ ವಯಸ್ಸಿನ್ಯಾಗ.

ಸೆರೆ ಲಿವರ್ ಕೆಡಿಸತೈತಿ, ಅದರಾಗ ಎರಡು ಮಾತಿಲ್ಲ. ಆದ್ರ ಒಂದು ಹನಿ ಮುಟ್ಟದವರಿಗೂ ಇದು ಬರತೈತಿ. ಮೈ ಖರ್ಚು ಮಾಡೂದಕ್ಕಿಂತ ಹೆಚ್ಚು ಒಳಗ ಹೋದ್ರ ಲಿವರ್ ಅದನ್ನ ಕೊಬ್ಬು ಮಾಡಿ ತನ್ನೊಳಗ ಕೂಡಿಡತೈತಿ. ಕಾಲುವಿ ನೀರು ಸಿಕ್ತಂತ ಬಿಟ್ಟಿದ್ದೇ ಬಿಟ್ಟು, ಬಸಿಗಾಲುವಿ ತೆಗೀದಿದ್ರ ಎರಿ ಭೂಮಿ ಸವಳಾಗೂದಿಲ್ಲೇನ್ರಿ? ಮೊದಲ ಕೆಲವು ವರ್ಷ ಬೆಳಿ ಚೊಲೋನ ಇರತೈತಿ, ಬಿಳಿ ಉಪ್ಪು ಮ್ಯಾಲ ಕಂಡಾಗ ತಡ ಆಗಿರತೈತಿ. ಲಿವರಿಂದೂ ಹಂಗ. ಮೊದಲು ಬರೇ ಕೊಬ್ಬು, ಆಮ್ಯಾಲ ಉರಿಯೂತ, ಆಮ್ಯಾಲ ಗಾಯದ ಕಲೆಯಂಗ ಗಟ್ಟಿ ಆಗೂದು, ಕಡೀಕ ಸಿರೋಸಿಸ್. ಎಲ್ಲಾರದೂ ಅಲ್ಲಿತನಕ ಹೋಗೂದಿಲ್ಲ. ಹೋಗೋರಿಗೂ ಮೊದಮೊದಲು ನೋವಿಲ್ಲ, ಕಾಮಣಿ ಇಲ್ಲ. ರಕ್ತದ ಟೆಸ್ಟೂ ಒಮ್ಮೊಮ್ಮೆ ನಾರ್ಮಲ್ ಬರತೈತಿ.

ನಮ್ಮ ಅಪ್ಪಂದಿರು ಐದಾರು ರೊಟ್ಟಿ ತಿಂತಿದ್ರು, ಅಷ್ಟ ದುಡೀತಿದ್ರು. ಈಗ ಟ್ರ್ಯಾಕ್ಟರ್ ರಂಟಿ ಹೊಡಿತೈತಿ, ಕಬ್ಬು ಕಡಿಯಾಕ ಬೀಡ ಕಡೆಯ ಗ್ಯಾಂಗ್ ಬರತೈತಿ, ಮೋಟಾರು ಮೊಬೈಲಿನ್ಯಾಗ ಚಾಲೂ ಆಗತೈತಿ. ಬದುವಿನತನಕ ಬೈಕ್. ತಾಟು ಮಾತ್ರ ಹಳೇದ ಐತಿ, ಮ್ಯಾಲ ಅನ್ನ, ಭಜಿ, ಬೇಕರಿ, ಬಾಟ್ಲಿ ಕೂಲ್‌ಡ್ರಿಂಕ್ಸ್ ಬ್ಯಾರೆ. ಜ್ವಾಳದ ರೊಟ್ಟಿ ಚೊಲೋನ, ಆದ್ರ ಕುಂತವಗ ಆರು ರೊಟ್ಟಿ ಔಷಧ ಅಲ್ಲ.

ಚಹಾದ ಲೆಕ್ಕ ಹಾಕ್ರಿ. ದಿನಾ ಆರು ಕಪ್, ಕಪ್ಪಿಗೆ ಎರಡು ಚಮಚ, ಚಮಚಕ್ಕ 5 ಗ್ರಾಂ. 60 ಗ್ರಾಂ ಆತು, ತಿಂಗಳಿಗೆ ಹತ್ತಿರತ್ತಿರ ಎರಡು ಕಿಲೋ, ಬರೇ ಚಹಾದಾಗ. ದಿನಕ್ಕ 50 ಗ್ರಾಮಿನ ಒಳಗ, ಆದ್ರ 25ರ ಒಳಗ ಅಂತೈತಿ ವಿಶ್ವ ಆರೋಗ್ಯ ಸಂಸ್ಥೆ. ಸಕ್ಕರಿಯ ಅರ್ಧ ಭಾಗ ಫ್ರಕ್ಟೋಸ್, ಅದನ್ನ ಹೆಚ್ಚಾಗಿ ಲಿವರೇ ಅರಗಿಸಬೇಕು. 'ನಾವು ಬೆಲ್ಲದ ಚಹಾ ಕುಡಿತೀವಿ' ಅನ್ನೋರಿಗೆ: ಮಹಾಲಿಂಗಪುರದ ಬೆಲ್ಲ ಎಷ್ಟೇ ಚೊಲೋ ಇದ್ರೂ ಅದರಾಗಿರೂದು ಬಹುಪಾಲು ಅದೇ ಸಕ್ಕರಿ. ಕಬ್ಬು ಬೆಳೆಯೋ ನಾನೇ ಇದನ್ನ ಹೇಳಾಕತ್ತೀನಿ.

ಇದು ಬೆಂಗಳೂರು, ಹೈದರಾಬಾದಿನ ಕಂಪ್ಯೂಟರ್ ಮಂದಿ ಜಡ್ಡು ಅಂತೀರಿ. ಹೌದು, 2025ರಾಗ ಪ್ರಕಟ ಆದ ಹೈದರಾಬಾದ್ ಅಧ್ಯಯನದಾಗ 345 ಐಟಿ ನೌಕರರಲ್ಲಿ ಶೇ. 84 ಮಂದಿಗೆ ಇದು ಕಂಡಿತ್ತು. ಆದ್ರ ಅದಕ್ಕೂ ಮೊದಲೇ, 2010ರಾಗ, ಪಶ್ಚಿಮ ಬಂಗಾಳದ ಬೀರಭೂಮದ ಹಳ್ಳಿಗಳ ಅಧ್ಯಯನ ಬಂತು. 1,911 ಜನರಲ್ಲಿ ಶೇ. 8.7 ಮಂದಿಗೆ ಫ್ಯಾಟಿ ಲಿವರ್, ಅವರಾಗ ಮುಕ್ಕಾಲು ಪಾಲು ದಪ್ಪ ಇದ್ದವರಲ್ಲ. 'ನಮ್ಮ ಹುಡುಗ ಸಣ್ಣ ಅದಾನ' ಅನ್ನೋ ಸಮಾಧಾನ ಬ್ಯಾಡ. ಟೇಪ್ ತಗೊಂಡು ಹೊಟ್ಟಿ ಸುತ್ತ ಅಳೀರಿ. ಗಂಡಸರಿಗೆ 90 ಸೆಂ.ಮೀ., ಹೆಣ್ಣುಮಕ್ಕಳಿಗೆ 80 ದಾಟಿದ್ರ ಡಾಕ್ಟರಿಗೆ ತೋರಸ್ರಿ. ಪಿಸಿಓಡಿ ಇರೋ ಹೆಣ್ಣುಮಕ್ಕಳಿಗೂ ಇದು ಹೆಚ್ಚು.

ನನ್ನ ತಕರಾರು ಇನ್ನೊಂದೈತಿ. 2021ರಾಗ ಕೇಂದ್ರ ಸರಕಾರ ಈ ಜಡ್ಡನ್ನ ಬಿಪಿ-ಶುಗರ್ ಇರೋ ರಾಷ್ಟ್ರೀಯ ಕಾರ್ಯಕ್ರಮಕ್ಕ ಸೇರಿಸಿತು. ಚೊಲೋ ಆತು. ಆದ್ರ ಆ ಕಾರ್ಯಕ್ರಮದಾಗ ಊರೂರಿಗೆ ತಪಾಸಣೆ ಮಾಡೂದು 30 ದಾಟಿದವರಿಗೆ. 24ರ ಹುಡುಗ ಯಾರ ಪಟ್ಟಿಯೊಳಗೂ ಇಲ್ಲ. ಗ್ರಾಮಸಭಾದಾಗ ರಸ್ತೆ, ಗಟಾರ ಕೇಳ್ತೀವಲ್ರಿ, ಅದರ ಜೋಡಿ 18 ದಾಟಿದವರ ಹೊಟ್ಟಿ ಅಳತಿ, ತೂಕ, ಶುಗರ್ ನೋಡೋ ಕ್ಯಾಂಪ್ ಕೇಳೋಣ. ಇದಕ್ಕ ದೊಡ್ಡ ಮಷಿನ್ ಬೇಕಿಲ್ಲ.

ರಿಪೋರ್ಟ್ ಬಂದವರು 'ಲಿವರ್ ಸಾಫ್' ಮಾಡೋ ಪುಡಿ, ಟಾನಿಕ್ ಹಿಂದ ಬೀಳಬ್ಯಾಡ್ರಿ. ಅದನ್ನ ಅರಗಿಸೋದೂ ಅದೇ ಲಿವರೇ. ತೂಕ ಹೆಚ್ಚಿರೋ 80 ಕಿಲೋದವ 4 ಕಿಲೋ ಇಳಿಸಿದ್ರ ಲಿವರಿನ ಕೊಬ್ಬು ಕಡಿಮಿ ಆಗತೈತಿ, 6ರಿಂದ 8 ಇಳಿಸಿದ್ರ ಉರಿಯೂತನೂ ತಗ್ಗತೈತಿ. ಉಪವಾಸ ಕುಂತು ಒಮ್ಮೆಲೆ ಅಲ್ಲ, ತಿಂಗಳಿಗೆ ಒಂದೆರಡು ಕಿಲೋದಂಗ.

ಕಬ್ಬಿನ ಗೊಣ್ಣೆಹುಳದ ಬಗ್ಗೆ ಕೇಳಿದ್ರಿ, ಅದನ್ನ ಮುಂದಿನ ವಾರ ಬರೀತೀನಿ.