ಲಿಸ್ಬನ್ನಿನ ವ್ಯಾಪಾರಿಗಳ ಬೀದಿ
ವಾಸ್ಕೋ ಡ ಗಾಮ 1498ರಲ್ಲಿ ಕಲ್ಲಿಕೋಟೆಗೆ ಬಂದಿಳಿದ ಮೇಲೆ ಅದೃಷ್ಟ ಖುಲಾಯಿಸಿದ್ದು ಲಿಸ್ಬನ್ನಿನ ಒಂದು ಬೀದಿಗೆ. ಟೇಗಸ್ ನದಿಯ ದಂಡೆಗೆ ಹತ್ತಿರದ ‘ರುವಾ ನೋವಾ ದೊಸ್ ಮೆರ್ಕಾದೋರೆಸ್’ ಅಂಗಡಿಗಳಲ್ಲಿ ಚೀನಾದ ಪಿಂಗಾಣಿ, ಸಿಂಹಳದ ದಂತದ ಕೆತ್ತನೆ, ಭಾರತದ ಬಟ್ಟೆ ಒಟ್ಟಿಗೆ ಸಿಗುತ್ತಿದ್ದವು. ಮಲಬಾರಿನ ಮೆಣಸಿನ ವಹಿವಾಟು ನಡೆಸುತ್ತಿದ್ದ ‘ಕಾಸಾ ದ ಇಂಡಿಯಾ’ ಕೂಡ ಅಲ್ಲೇ, ನದಿಯಂಚಿನ ಅರಮನೆಯಲ್ಲಿತ್ತು. ಈ ವೈಭವವನ್ನು ಮೆಚ್ಚುವಾಗ ಅದೇ ನಗರದಲ್ಲಿ ಆಫ್ರಿಕಾದ ಮನುಷ್ಯರನ್ನೂ ಮಾರುತ್ತಿದ್ದರೆಂಬುದನ್ನು ಮರೆಯುವುದು ಅನ್ಯಾಯ. 1755ರ ನವೆಂಬರ್ 1ರ ಬೆಳಿಗ್ಗೆ ಭೂಮಿ ನಡುಗಿತು. ಹಿಂದೆಯೇ ಸಮುದ್ರ ಉಕ್ಕಿತು, ದಿನಗಟ್ಟಲೆ ಬೆಂಕಿ ಉರಿಯಿತು, ಬೀದಿ ಇಲ್ಲವಾಯಿತು. ಆಮೇಲಿನ ಕಥೆ ಇನ್ನೂ ದೊಡ್ಡದು. ಮಂತ್ರಿ ಪೊಂಬಾಲ್‌ನ ಆಡಳಿತದಲ್ಲಿ, ಎಂಬತ್ತರ ಹತ್ತಿರವಿದ್ದ ಸೇನಾ ಇಂಜಿನಿಯರ್ ಮಾನುವೆಲ್ ದ ಮಾಯಾ ಹೊಸ ಪೇಟೆಯ ಯೋಜನೆಗೆ ಕೈಹಾಕಿದ. ನೆಟ್ಟಗಿನ ಅಗಲ ರಸ್ತೆಗಳು ಬಂದವು. ಮನೆಗಳ ಗೋಡೆಯೊಳಗೆ ಕಂಪನ ತಾಳುವಂತೆ ಮರದ ಅಡ್ಡಪಟ್ಟಿಗಳ ಚೌಕಟ್ಟು ಕೂತಿತು. ಹಕ್ಕಿಯ ಪಂಜರದಂತಿದ್ದ ಆ ಚೌಕಟ್ಟನ್ನು ಜನ ‘ಗಾಯೋಲಾ’ ಎಂದರು. 1760ರಲ್ಲಿ ಬೀದಿಗಳನ್ನು ಕಸುಬುಗಳಿಗೆ ಹಂಚಲಾಯಿತು. ಅಕ್ಕಸಾಲಿಗರು, ಬೆಳ್ಳಿ ಕೆಲಸದವರು, ಚಮ್ಮಾರರು ಇವರ ಗುರುತು ಇಂದಿನ ಬೈಶಾ ಪೇಟೆಯ ಬೀದಿಹೆಸರುಗಳಲ್ಲಿ ಹಾಗೆಯೇ ಉಳಿದಿದೆ. ಇನ್ನು ಆ ಹಳೆಯ ಬೀದಿಯ ಚಿತ್ರ ಸಿಕ್ಕಿದ್ದು ಇಂಗ್ಲೆಂಡಿನ ಕೆಲ್ಮ್‌ಸ್ಕಾಟ್ ಮನೆಯಲ್ಲಿ. ಕವಿ, ಚಿತ್ರಕಾರ ರೊಸೆಟ್ಟಿ ಕೊಂಡಿದ್ದ ಎರಡು ಪಟಗಳಲ್ಲಿರುವುದು ಇದೇ ಬೀದಿ ಎಂದು 2009ರಲ್ಲಿ ಇಬ್ಬರು ಇತಿಹಾಸಕಾರ್ತಿಯರು ಗುರುತಿಸಿದರು. ಆ ಪಟಗಳಲ್ಲಿ ವ್ಯಾಪಾರಿಗಳ ಜೊತೆಗೆ ಕಪ್ಪುವರ್ಣದ ಜನರೂ ಬಹಳ ಮಂದಿ ಓಡಾಡುತ್ತಿದ್ದಾರೆ.