ಮೀನು ಬೇಡ, ಆಳ ಹೇಳು

ಹೆಪ್ಪುಗಟ್ಟಿದ ಕೆರೆಯ ಮೇಲೆ ಕುರ್ಚಿ ಹಾಕಿಕೊಂಡು, ಮಂಜುಗಡ್ಡೆಗೆ ತೂತು ಕೊರೆದು ಮೀನು ಹಿಡಿಯುವವರ ವಿಡಿಯೋ ನೋಡಿದ್ದೀರಾ? ಮಿನ್ನೆಸೋಟಾ, ಕೆನಡಾ, ಫಿನ್ಲೆಂಡ್ ಕಡೆಯವರು. ಪಕ್ಕದಲ್ಲೊಂದು ಪ್ಲಾಸ್ಟಿಕ್ ಡಬ್ಬ ಇಟ್ಟುಕೊಂಡಿರುತ್ತಾರೆ. ಡಬ್ಬದೊಳಗೆ 12 ವೋಲ್ಟಿನ ಬ್ಯಾಟರಿ, ಮೇಲೆ ಅಂಗೈಯಗಲದ ಸ್ಕ್ರೀನು, ತೂತಿನೊಳಗೆ ಇಳಿಬಿಟ್ಟ ಟ್ರಾನ್ಸ್‌ಡ್ಯೂಸರ್. ದೋಣಿಗೆಂದು ಮಾಡಿದ ಫಿಶ್ ಫೈಂಡರನ್ನು ಕೈಯಲ್ಲಿ ಹೊತ್ತೊಯ್ಯುವ ಹಾಗೆ ಮನೆಯಲ್ಲೇ ಜೋಡಿಸಿಕೊಂಡದ್ದು. ನಮ್ಮ ಕೊಳ್ಳೇಗಾಲದಲ್ಲಿ ಐಸ್ ಅಂದರೆ ಐಸ್ ಕ್ಯಾಂಡಿ ಅಷ್ಟೇ :) ಆದರೂ ಕೊಳ್ಳೇಗಾಲ, ಹನೂರು, ಯಳಂದೂರಿನ ಪ್ರತಿ ಪಂಚಾಯಿತಿಯಲ್ಲೂ ಅಂಥದ್ದೊಂದು ಡಬ್ಬ ಇರಬೇಕು ಅನ್ನುವುದು ನನ್ನ ವಾದ. ಮೀನು ಹುಡುಕಲಿಕ್ಕಲ್ಲ, ಹೂಳಿನ ಲೆಕ್ಕ ಹಾಕಲಿಕ್ಕೆ.

ಬೆಂಗಳೂರಿನಲ್ಲಿ ನನ್ನ ಹಾಗೆಯೇ ಕೋಡ್ ಬರೆದು ಬದುಕುವ ಗೆಳೆಯರ ಮುಂದೆ ಈ ಮಾತು ತೆಗೆದರೆ ಸಾಕು, ಎಲ್ಲರಿಗೂ ಹೊಳೆಯುವುದು ಒಂದೇ: "ಮೀನುಗಾರರಿಗೆ ಒಂದು ಆ್ಯಪ್ ಮಾಡೋಣ ಮಗಾ!" ಕೆರೆಗೆ ಇಳಿಯದವರಿಗೆ ಮಾತ್ರ ಬರುವ ಐಡಿಯಾ ಇದು. ಫಿಶ್ ಫೈಂಡರ್ ಮಾಡುವುದಾದರೂ ಏನು? 200 ಕಿಲೋಹರ್ಟ್ಜ್ ಸದ್ದನ್ನು ಕೆಳಕ್ಕೆ ಬಿಟ್ಟು, ಅದು ತಳಕ್ಕೆ ತಗುಲಿ ವಾಪಸ್ ಬರುವ ತನಕ ಸಮಯ ಎಣಿಸುತ್ತದೆ. ನೀರಿನಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್. ಮೂರು ಮೀಟರ್ ಆಳವಿದ್ದರೆ ಹೋಗಿ ಬರಲು 4 ಮಿಲಿಸೆಕೆಂಡ್. ನಡುವೆ ಮೀನು ಅಡ್ಡ ಬಂದರೆ ಅದರ ಒಳಗಿನ ಗಾಳಿಚೀಲದಿಂದಲೂ ಪ್ರತಿಧ್ವನಿ ಬರುತ್ತದೆ. ಜಪಾನಿನ ಫುರುನೊ ಸೋದರರು 1948ರಲ್ಲೇ ಇದನ್ನು ಮೀನುಗಾರರಿಗೆ ಮಾರಲು ಶುರು ಮಾಡಿದರು. ಕಡಲಲ್ಲಿ ಅದು ಬಲು ಉಪಯೋಗದ ವಸ್ತು, ಒಪ್ಪೋಣ.

ನಮ್ಮ ಕೆರೆಯಲ್ಲಿ? ಸದ್ದು ಹರಡುವುದು ಶಂಕುವಿನ ಆಕಾರದಲ್ಲಿ. ಶಂಕು 20 ಡಿಗ್ರಿಯದಾದರೆ ಮೂರು ಮೀಟರ್ ಆಳದಲ್ಲಿ ಕಾಣುವುದು ಬರೀ ಒಂದು ಮೀಟರ್ ಅಗಲದ ಜಾಗ. ತೆಪ್ಪದ ತಳದಷ್ಟೂ ಇಲ್ಲ. ತೆಪ್ಪ ಹತ್ತಿರ ಬಂದ ಸದ್ದಿಗೇ ಅರ್ಧ ಮೀನು ಜಾಗ ಖಾಲಿ ಮಾಡಿರುತ್ತವೆ. ಕಾಟ್ಲಾ ಯಾವ ಮೂಲೆಯಲ್ಲಿ ಮೇಯುತ್ತದೆ, ಜಿಲೇಬಿ ಎಲ್ಲಿ ಗೂಡು ಮಾಡುತ್ತದೆ ಅನ್ನುವುದು ದಿನಾ ಬಲೆ ಬಿಡುವವನಿಗೆ ಗೊತ್ತು. ಅವನಿಗೆ ಅದನ್ನು ಹೇಳಿಕೊಡಲು ನಮ್ಮ ಆ್ಯಪ್ ಬೇಕೇ? ಯಳಂದೂರು ತಾಲ್ಲೂಕಿನ ಒಂದು ಕೆರೆಯಲ್ಲಿ (ಹೆಸರು ಬೇಡ ಬಿಡಿ) ಡಬ್ಬ ತೊಡೆಯ ಮೇಲಿಟ್ಟುಕೊಂಡು ಕೂತಾಗ ತೆಪ್ಪದ ಅಣ್ಣ ಒಂದೇ ಮಾತಲ್ಲಿ ಮುಗಿಸಿದರು: "ಮೀನ್ ಎಲ್ಲದ ಅಂತ ನಂಗೊತ್ತು ಕನಪ್ಪ. ಕೆರೇಲಿ ಎಷ್ಟ್ ಹೂಳ್ ಕುಂತದ ಅಂತ ಹೇಳ್ತದಾ ಇದು?"

ನನ್ನ ಪ್ರಕಾರ ಸರಿಯಾದ ಪ್ರಶ್ನೆ ಇದೇ.

ಯಾಕೆ ಅಂತ ಲೆಕ್ಕ ನೋಡಿ. ಐವತ್ತು ಎಕರೆ ಕೆರೆ ಅಂದುಕೊಳ್ಳಿ, ಸುಮಾರು 2,02,000 ಚದರ ಮೀಟರ್. ಅಲ್ಲಿ ಅರ್ಧ ಅಡಿ ಹೂಳು ಅಂದರೆ ಸುಮಾರು 30,800 ಘನ ಮೀಟರ್. ಟಿಪ್ಪರಿಗೆ ಆರು ಘನ ಮೀಟರ್ ಹಿಡಿದರೂ ಐದು ಸಾವಿರ ಲೋಡು ದಾಟುತ್ತದೆ! ಹೂಳೆತ್ತುವ ಕೆಲಸಕ್ಕೆ ದುಡ್ಡು ಲೆಕ್ಕವಾಗುವುದು ಘನ ಮೀಟರಿನಲ್ಲಿ. ಅಂದರೆ ಅರ್ಧ ಅಡಿ ಹೆಚ್ಚು ಬರೆದರೆ ಐದು ಸಾವಿರ ಲೋಡು ಕಾಗದದ ಮೇಲೆ ಹುಟ್ಟುತ್ತದೆ. ಕಡಿಮೆ ತೆಗೆದರೆ ಅಷ್ಟೇ ಲೋಡು ಕೆರೆಯಲ್ಲೇ ಉಳಿಯುತ್ತದೆ. ಏರಿಯ ಮೇಲೆ ನಿಂತು ನೋಡುವವನಿಗೆ ಎರಡೂ ಕಾಣುವುದಿಲ್ಲ, ಯಾಕಂದರೆ ಮೇಲೆ ನೀರಿದೆ. ನೀರಿಗಿಂತ ಒಳ್ಳೆಯ ಪರದೆ ಯಾವ ಕಳ್ಳನಿಗೆ ಸಿಗುತ್ತದೆ ಹೇಳಿ?

ಇದು ಬರೀ ದುಡ್ಡಿನ ಪ್ರಶ್ನೆ ಕೂಡ ಅಲ್ಲ. 2022ರ ಮಳೆಗಾಲದಲ್ಲಿ ಸುವರ್ಣಾವತಿ ಉಕ್ಕಿ ಯಳಂದೂರು ತಾಲ್ಲೂಕಿನ ಹಳ್ಳಿಗಳಿಗೆ ನೀರು ನುಗ್ಗಿತು. ಮರುವರ್ಷ, 2023ರಲ್ಲಿ, ರಾಜ್ಯದ ಹೆಚ್ಚಿನ ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಬೇಕಾಯಿತು. ಹೂಳು ತುಂಬಿದ ಕೆರೆ ಎರಡು ಸಲವೂ ಕೈಕೊಡುತ್ತದೆ. ಮಳೆ ಬಂದಾಗ ನೀರು ಹಿಡಿಯದೆ ಬೇಗ ಕೋಡಿ ಬೀಳುತ್ತದೆ, ಬೇಸಿಗೆಯಲ್ಲಿ ಬೇಗ ತಳ ಕಾಣುತ್ತದೆ. ಹಿಂದಿನವರು "ಈ ಕೆರೆ ತುಂಬಿದರೆ ಮೂರಾಳು ನೀರು" ಅಂತ ಬಾಯಲ್ಲೇ ಲೆಕ್ಕ ಇಟ್ಟಿದ್ದರು. ಈಗ ನಿಮ್ಮೂರ ಕೆರೆ ಎಷ್ಟಾಳು ಅಂತ ಕೇಳಿದರೆ ನಿಮ್ಮಲ್ಲಿ ಎಷ್ಟು ಜನ ಹೇಳುತ್ತೀರಿ?

ಸರಿ, ಡಬ್ಬ ಮಾಡುವುದು ಹೇಗೆ? ಇಂಜಿನಿಯರಿಂಗ್ ಓದಿದವರು ತಕ್ಷಣ ರೋಬೋಟ್ ಪ್ರಾಜೆಕ್ಟಿನ ಎಚ್‌ಸಿ-ಎಸ್‌ಆರ್04 ಸೆನ್ಸರ್ ಹುಡುಕಿಕೊಂಡು ಎಸ್.ಪಿ. ರೋಡಿಗೆ ಓಡಬೇಡಿ. ಅದು ಗಾಳಿಯಲ್ಲಿ ಕೆಲಸ ಮಾಡುವ 40 ಕಿಲೋಹರ್ಟ್ಜ್ ಸಾಮಾನು, ನೀರಿನ ಆಳ ಅಳೆಯಲಿಕ್ಕಲ್ಲ. ಜಿಪಿಎಸ್ ಇರುವ ಸಣ್ಣ ಫಿಶ್ ಫೈಂಡರ್ ಒಂದನ್ನು, ಸೆಕೆಂಡ್ ಹ್ಯಾಂಡ್ ಆದರೂ ಸರಿ, ಕೊಳ್ಳಿ. ಯುಪಿಎಸ್ಸಿಗೆ ಹಾಕುವ 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿ ಸಾಕು. ಯಂತ್ರ ಅರ್ಧ ಆಂಪಿಯರ್ ಎಳೆದರೂ ಒಂದು ಹಗಲು ಬರುತ್ತದೆ. ನಡುವೆ ಒಂದು ಫ್ಯೂಸ್ ಇರಲಿ. ಪೇಂಟ್ ಬಕೆಟ್ಟಿನ ತಳದಲ್ಲಿ ಬ್ಯಾಟರಿ, ಮುಚ್ಚಳದ ಮೇಲೆ ಸ್ಕ್ರೀನು. ಟ್ರಾನ್ಸ್‌ಡ್ಯೂಸರನ್ನು ಪಿವಿಸಿ ಪೈಪಿನ ತುದಿಗೆ ಕಟ್ಟಿ, ತೆಪ್ಪದ ಪಕ್ಕದಲ್ಲಿ ನೀರಿನೊಳಗೆ ಗೇಣುದ್ದ ಇಳಿಸಿ. ನೆಟ್ಟಗೆ ಕೆಳಕ್ಕೆ ನೋಡುವಂತಿರಬೇಕು, ವಾಲಿದರೆ ಆಳ ಹೆಚ್ಚಾಗಿ ತೋರಿಸುತ್ತದೆ. ಈ ಗೇಣುದ್ದವನ್ನು ಓದಿಗೆ ಕೂಡಿಸಿಕೊಳ್ಳುವುದು ಮರೆಯಬೇಡಿ.

ಅಳೆಯುವುದರಲ್ಲಿ ಮೂರು ಕೆಲಸ ಮುಖ್ಯ. ಒಂದು, ಶುರುವಿಗೆ ಮುಂಚೆ ಒಂದು ಕಬ್ಬಿಣದ ತಟ್ಟೆಯನ್ನು ಹಗ್ಗದಲ್ಲಿ ಕಟ್ಟಿ, ಯಂತ್ರದ ಕೆಳಗೆ ಒಂದು ಮೀಟರ್, ಎರಡು ಮೀಟರ್ ಆಳಕ್ಕೆ ಇಳಿಸಿ ಓದು ಸರಿಯಿದೆಯೇ ನೋಡುವುದು. ನೀರು 20 ಡಿಗ್ರಿಯಿಂದ 30 ಡಿಗ್ರಿಗೆ ಬಿಸಿಯಾದರೆ ಸದ್ದಿನ ವೇಗ ಶೇಕಡ 2ರಷ್ಟು ಏರುತ್ತದೆ, ಅದನ್ನು ಹಿಡಿಯಲು ಈ ತಟ್ಟೆ ಬೇಕು. ಎರಡು, ನೀರಿನ ಮಟ್ಟ ಕೋಡಿಗಿಂತ ಎಷ್ಟು ಕೆಳಗಿದೆ ಅಂತ ಅದೇ ದಿನ ಅಳೆದು ಬರೆದಿಡುವುದು. ನೀರು ದಿನಾ ಇಳಿಯುತ್ತದೆ, ಕೋಡಿ ಕದಲುವುದಿಲ್ಲ. ಮೂರನೆಯದೇ ದೊಡ್ಡದು. 200 ಕಿಲೋಹರ್ಟ್ಜ್ ಸದ್ದು ಹೂಳಿನ ಮೇಲ್ಮೈಯಿಂದಲೇ ವಾಪಸ್ ಬರುತ್ತದೆ, ಕೆಳಗಿನ ಗಟ್ಟಿ ನೆಲ ಅದಕ್ಕೆ ಕಾಣದು. ತೆಪ್ಪದ ಅಣ್ಣನ ಗಳ ಮಾತ್ರ ಮೆದು ಹೂಳನ್ನು ತೂರಿ ಗಟ್ಟಿ ನೆಲಕ್ಕೆ ಹೋಗಿ ನಿಲ್ಲುತ್ತದೆ. ಗಳದ ಅಳತೆಯಲ್ಲಿ ಯಂತ್ರದ ಅಳತೆ ಕಳೆದರೆ ಉಳಿಯುವುದೇ ಹೂಳು. ಅರ್ಧ ಕೆಲಸ ಯಂತ್ರದ್ದು, ಅರ್ಧ ಕೆಲಸ ಆ ಮನುಷ್ಯನದ್ದು. ಅವರಿಗೆ ಆ ದಿನದ ಕೂಲಿ ಕೊಡಿ, "ಸಮುದಾಯದ ಸಹಭಾಗಿತ್ವ" ಅಂತ ಪುಕ್ಕಟೆ ದುಡಿಸಬೇಡಿ.

ಇನ್ನು ಆಕ್ಷೇಪಣೆಗಳು. "ಕೆರೆ ಒಣಗಿದಾಗ ಲೆವೆಲ್ ತೆಗೆಯುತ್ತಾರಲ್ಲ, ಈ ಆಟ ಯಾಕೆ?" ಒಣಗಿದ ಕೆರೆಗೆ ಅದೇ ಸರಿ, ನಾನೂ ಒಪ್ಪುತ್ತೇನೆ. ಆದರೆ ಎಲ್ಲಾ ಕೆರೆಯೂ ಒಣಗುವವರೆಗೆ ಕಾಯುವುದಿಲ್ಲ. ಕೆಲಸ ಮುಗಿದ ಮೇಲೆ ಮಳೆ ಬಂತು ಅಂದರೆ "ನೀರು ಬಂತಲ್ಲ ಸಾರ್, ಈಗ ಹೇಗೆ ನೋಡೋದು" ಅನ್ನುವ ಉತ್ತರ ರೆಡಿ ಇರುತ್ತದೆ. ಡಬ್ಬ ಬೇಕಾಗಿರುವುದು ಆ ಉತ್ತರಕ್ಕೆ. "ನಿನ್ನ ಆಟದ ಸಾಮಾನು ಅಷ್ಟು ಕರಾರುವಾಕ್ಕೇ?" ಒಂದೊಂದು ಜಾಗದ ಓದಿನಲ್ಲಿ ಐದು-ಹತ್ತು ಸೆಂಟಿಮೀಟರ್ ಆಚೀಚೆ ಆಗಬಹುದು. ತಟ್ಟೆಯಿಂದ ಸರಿಪಡಿಸಿ, ಹತ್ತು ಮೀಟರಿಗೊಂದರಂತೆ ನೂರಾರು ಕಡೆ ಅಳೆದು ಸರಾಸರಿ ತೆಗೆದರೆ ಆ ತಪ್ಪು ಬಹಳ ತಗ್ಗುತ್ತದೆ. ಅಳತೆಯೇ ಇಲ್ಲದ ಕಡೆ ಹತ್ತು ಸೆಂಟಿಮೀಟರಿನ ಬಗ್ಗೆ ಜಗಳ ಆಡುವುದು ಅಳೆಯದೇ ಇರಲು ಹುಡುಕಿದ ನೆಪ ಅಷ್ಟೇ.

"ಇದನ್ನೇ ಹಿಡಿದು ಹೊಳೆಯ ಮೀನು ದೋಚಿದರೆ?" ಈ ಆಕ್ಷೇಪಣೆಗೆ ಮಾತ್ರ ತೂಕ ಇದೆ. ಹನೂರಿನ ಅಂಚಿನ ಕಾವೇರಿ 1987ರಲ್ಲಿ ಘೋಷಣೆಯಾದ ವನ್ಯಜೀವಿಧಾಮದೊಳಗೆ ಹರಿಯುತ್ತದೆ. ಅಲ್ಲಿನ ಗೂನುಬೆನ್ನಿನ ಮಹಶೀರ್ 2018ರಿಂದ ಐಯುಸಿಎನ್ ಪಟ್ಟಿಯಲ್ಲಿ ಅಳಿವಿನ ತೀರಾ ಅಂಚಿಗೆ ಬಂದ ಜೀವಿ. ಅದರ ಮಡುವಿಗೆ ಈ ಡಬ್ಬ ಇಳಿಯಕೂಡದು. ಅದಕ್ಕೇ ಇದು ಒಬ್ಬನ ಬ್ಯಾಗಿನಲ್ಲಿರದೆ, ಯಾರು ಯಾವ ಕೆರೆಗೆ ಒಯ್ದರು ಅಂತ ಬರೆದಿಟ್ಟು ಪಂಚಾಯಿತಿಯಲ್ಲಿರಬೇಕು ಅನ್ನುತ್ತಿರುವುದು.

ಗೆಳೆಯರೆ, ಹಬ್ಬಕ್ಕೆ ಊರಿಗೆ ಹೋಗುತ್ತೀರಿ, ಕೆರೆ ಏರಿಯ ಮೇಲೆ ನಿಂತು ಫೋಟೋ ತೆಗೆದು ಹಾಕುತ್ತೀರಿ, ಹಿಂದೆ ಎಷ್ಟು ಚೆನ್ನಾಗಿತ್ತು ಅಂತ ಕಣ್ಣೀರು ಹಾಕಿ ಎರಡು ಪ್ಯಾರಾ ಬರೆಯುತ್ತೀರಿ. ಈ ಸಲ ಆಳ ಬರೆಯಿರಿ. ಹೂಳೆತ್ತುವ ಮುಂಚೆ ಒಮ್ಮೆ, ಆದ ಮೇಲೆ ಒಮ್ಮೆ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ದಾಖಲೆಯ ನಕಲು ಕೇಳುವ ಹಕ್ಕಿನ ಜೊತೆಗೆ ಕಾಮಗಾರಿಯನ್ನೇ ಪರಿಶೀಲಿಸುವ ಹಕ್ಕೂ ಇದೆ. ಅಳತೆ ಪುಸ್ತಕದ ನಕಲು ಪಡೆದು ನಿಮ್ಮ ಅಂಕಿಯ ಪಕ್ಕದಲ್ಲಿಡಿ, ಎರಡನ್ನೂ ಪಂಚಾಯಿತಿಯ ಗೋಡೆಗೆ ಅಂಟಿಸಿ. ಎರಡೂ ಹೊಂದಿದರೆ ಕೆಲಸ ಮಾಡಿದವರನ್ನು ಊರೇ ಹೊಗಳಲಿ. ಹೊಂದದಿದ್ದರೆ ಗ್ರಾಮಸಭೆಯಲ್ಲಿ ಕೇಳಲು ಒಂದು ಅಂಕಿಯಾದರೂ ಕೈಯಲ್ಲಿರುತ್ತದೆ.

ನೀವೇನಂತೀರಿ? ಬೈಯುವವರು ಬೈಯಬಹುದು, ಆದರೆ ನಿಮ್ಮೂರ ಕೆರೆ ಎಷ್ಟಾಳು ಅಂತ ಹೇಳಿ ಬೈಯಿರಿ :)